ಸೆಲೆಸ್ಟ್: ಸುಲಭದ ಆಟವಲ್ಲ, ಸತ್ತವರನ್ನು ಕಾಯಿಸದ ಆಟ

ಈಗಿನ ಗೇಮ್‌ಗಳು ತೀರಾ ಸುಲಭವಾಗಿಬಿಟ್ಟಿವೆ ಎನ್ನುವವರು ಮುಂದಿಡುವ ಸಾಕ್ಷಿಗಳೆಲ್ಲ ಸೆಲೆಸ್ಟ್‌ನಲ್ಲಿ ಒಟ್ಟಿಗೇ ಸಿಗುತ್ತವೆ. ಲೈಫ್‌ಗಳ ಲೆಕ್ಕವಿಲ್ಲ. ಗೇಮ್ ಓವರ್ ಇಲ್ಲ. ಪ್ರತಿ ಕೋಣೆಯ ಬಾಗಿಲೂ ಒಂದು ಚೆಕ್‌ಪಾಯಿಂಟ್, ಸತ್ತರೆ ಅಲ್ಲಿಂದಲೇ ಮತ್ತೆ ಶುರು. ಮೆನುವಿನಲ್ಲಿ ಆಟವನ್ನು ಹಗುರ ಮಾಡಿಕೊಳ್ಳುವ ಅಸಿಸ್ಟ್ ಮೋಡ್ ಇದೆ, ಬೇಕೆಂದರೆ ಸಾವನ್ನೇ ಬಂದ್ ಮಾಡಬಹುದು. ಇಷ್ಟೆಲ್ಲ ಇದ್ದೂ 2018ರ ಜನವರಿಯಲ್ಲಿ ಬಂದ ಈ ಆಟ ಬೆರಳುಗಳಿಂದ ಕೇಳುವ ಕೆಲಸ ಹಳೆಯ ಕಾಲದ ಬಹುಪಾಲು ಪ್ಲಾಟ್‌ಫಾರ್ಮರ್‌ಗಳು (ಕಟ್ಟೆಯಿಂದ ಕಟ್ಟೆಗೆ ಹಾರುವ ಆಟಗಳು) ಕೇಳಿದ್ದಕ್ಕಿಂತ ಜಾಸ್ತಿ. ಈ ಎರಡೂ ಒಂದೇ ಆಟದಲ್ಲಿ ಹೇಗೆ ಹೊಂದಿಕೊಂಡವು ಎಂದು ನೋಡಿದರೆ, ಸುಲಭ-ಕಷ್ಟದ ಜಗಳದಲ್ಲಿ ಎಷ್ಟು ಹುರುಳಿದೆ ಎಂಬುದೂ ತಿಳಿಯುತ್ತದೆ.

ಆಟ ಇಷ್ಟೇ: ಮ್ಯಾಡಲಿನ್ ಎಂಬ ಯುವತಿ ಸೆಲೆಸ್ಟ್ ಎಂಬ ಪರ್ವತವನ್ನು ಹತ್ತಬೇಕು. ಜಂಪ್, ಡ್ಯಾಶ್ (ಒಂದು ದಿಕ್ಕಿಗೆ ರಭಸದಿಂದ ಚಿಮ್ಮುವುದು), ಗೋಡೆ ಹಿಡಿಯುವುದು, ಮೂರೇ ಬಟನ್. ಗಾಳಿಯಲ್ಲಿರುವಾಗ ಎಂಟು ದಿಕ್ಕಿನಲ್ಲಿ ಯಾವುದಕ್ಕಾದರೂ ಒಮ್ಮೆ ಡ್ಯಾಶ್ ಮಾಡಬಹುದು. ನೆಲ ಮುಟ್ಟಿದರೆ ಅಥವಾ ಹಸಿರು ಹರಳು ತಾಗಿದರೆ ಡ್ಯಾಶ್ ಮತ್ತೆ ತುಂಬುತ್ತದೆ. ಉಳಿದಿದೆಯೋ ಇಲ್ಲವೋ ಎಂದು ಪರದೆಯ ಮೂಲೆ ನೋಡಬೇಕಾಗಿಲ್ಲ. ಕೂದಲು ಕೆಂಪಾಗಿದ್ದರೆ ಡ್ಯಾಶ್ ಇದೆ, ನೀಲಿಯಾದರೆ ಖಾಲಿ, ಆಟದ ಕೊನೆಕೊನೆಗೆ ಗುಲಾಬಿಯಾದರೆ ಎರಡಿವೆ. ಕಣ್ಣು ಸದಾ ಮ್ಯಾಡಲಿನ್ ಮೇಲೇ ಇರುವ ಆಟದಲ್ಲಿ ಮೀಟರನ್ನೂ ಅವಳ ತಲೆಯ ಮೇಲೇ ಇಟ್ಟಿದ್ದು ಈ ತಂಡದ ಅತಿ ಜಾಣ ತೀರ್ಮಾನ ಎಂದು ನನ್ನ ಅಭಿಪ್ರಾಯ.

ಗೋಡೆ ಹತ್ತುವ ಶಕ್ತಿಗೂ ಲೆಕ್ಕವಿದೆ. ಒಟ್ಟು ಶಕ್ತಿ 110. ಸುಮ್ಮನೆ ಜೋತು ಬಿದ್ದಿದ್ದರೆ ಸೆಕೆಂಡಿಗೆ 10 ಖರ್ಚು, ಅಂದರೆ ಹನ್ನೊಂದು ಸೆಕೆಂಡ್ ಬಾಳಿಕೆ. ಮೇಲಕ್ಕೆ ಹತ್ತುತ್ತಿದ್ದರೆ ಸೆಕೆಂಡಿಗೆ ಸುಮಾರು 45, ಎರಡೂವರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಗೋಡೆ ಹಿಡಿದುಕೊಂಡೇ ಮೇಲಕ್ಕೆ ಹಾರಿದರೆ ಒಂದು ಹಾರಿಕೆಗೆ 27.5, ಹಾಗಾಗಿ ನಾಲ್ಕು ಬಾರಿ. ಶಕ್ತಿ 20ಕ್ಕಿಂತ ಕೆಳಗಿಳಿದಾಗ ಮೈ ಮಿನುಗಲು ಶುರುವಾಗುತ್ತದೆ. ಹೊಸಬರು ಮೊದಲ ಎರಡು ಅಧ್ಯಾಯಗಳಲ್ಲಿ ಸಾಯುವುದು ಹೆಚ್ಚಾಗಿ ಇಲ್ಲೇ. ಗೋಡೆಯ ಮೇಲೆ ನಿಂತು ಯೋಚಿಸುತ್ತಾರೆ, ಯೋಚನೆ ಮುಗಿಯುವಷ್ಟರಲ್ಲಿ ಕೈ ಸೋತಿರುತ್ತದೆ. ಯೋಚನೆಯೆಲ್ಲ ನೆಲದ ಮೇಲೆ ಮುಗಿಯಲಿ. ಗೋಡೆ ಹತ್ತಿದ ಮೇಲೆ ಕೆಲಸ ಮಾತ್ರ.

ಇನ್ನು ಸುಲಭದ ಪ್ರಶ್ನೆ. ಮ್ಯಾಡಲಿನ್ ಸತ್ತ ಮೇಲೆ ಅದೇ ಕೋಣೆಯ ಆರಂಭಕ್ಕೆ ಮರಳಲು ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದು ಸೆಕೆಂಡ್. ಬಹುತೇಕ ಕೋಣೆಗಳು ಆಡಲು ಬಂದರೆ ಹತ್ತು ಹದಿನೈದು ಸೆಕೆಂಡಿನ ಕೆಲಸ. ಹತ್ತು ಸೆಕೆಂಡಿನ ಕೋಣೆಯೊಂದನ್ನು ಪ್ರತಿ ಬಾರಿ ಕೊನೆಯಲ್ಲೇ ಸತ್ತು ಕಲಿಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಯತ್ನ ಆಗುತ್ತದೆ. ಅದೇ ಹತ್ತು ಸೆಕೆಂಡಿನ ಕಷ್ಟವನ್ನು ಹತ್ತು ನಿಮಿಷದ ದಾರಿಯ ತುದಿಯಲ್ಲಿಟ್ಟು, ಸತ್ತಾಗಲೆಲ್ಲ ಮೊದಲಿಗೆ ಕಳಿಸುವ ಆಟದಲ್ಲಿ ಗಂಟೆಗೆ ಆರು ಪ್ರಯತ್ನ ಕೂಡ ತುಂಬುವುದಿಲ್ಲ. ಅರವತ್ತು ನಿಮಿಷ ಆಡಿದರೂ ನಿಜವಾದ ಅಭ್ಯಾಸ ಒಂದು ನಿಮಿಷದಷ್ಟು. ಉಳಿದದ್ದೆಲ್ಲ ಈಗಾಗಲೇ ಬರುವ ಪಾಠವನ್ನು ಮತ್ತೆ ಒಪ್ಪಿಸುವುದು.

ಹಳೆಯ ಆಟಗಳ ಹೆಸರುವಾಸಿ ಕಷ್ಟದಲ್ಲಿ ದೊಡ್ಡ ಪಾಲು ಹೀಗೆ ಒಪ್ಪಿಸುವುದೇ ಆಗಿತ್ತು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಎಂಟು ಲೋಕ, ಒಟ್ಟು 32 ಲೆವೆಲ್, ಆರಂಭಕ್ಕೆ ಮೂರು ಲೈಫ್, ಸೇವ್ ಇಲ್ಲ. ಎಂಟನೇ ಲೋಕದಲ್ಲಿ ಲೈಫ್ ಮುಗಿದರೆ ಮೊದಲ ಲೆವೆಲ್‌ಗೆ ವಾಪಸ್. ಟೈಟಲ್ ಪರದೆಯಲ್ಲಿ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದ ಮೊದಲ ಲೆವೆಲ್‌ನಿಂದಲೇ ಶುರುಮಾಡಬಹುದಿತ್ತು, ಗೊತ್ತಿದ್ದವರಿಗೆ. ಅದೇ ವರ್ಷದ ಗೋಸ್ಟ್ಸ್ ಎನ್ ಗಾಬ್ಲಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಎರಡು ಏಟಿಗೆ ಸಾವು, ಅಷ್ಟೆಲ್ಲ ದಾಟಿ ಕೊನೆ ಮುಟ್ಟಿದರೆ ಇಡೀ ಆಟವನ್ನು ಮತ್ತೊಮ್ಮೆ ಮುಗಿಸಿದರಷ್ಟೇ ನಿಜವಾದ ಮುಕ್ತಾಯ. ಆರ್ಕೇಡ್‌ನಲ್ಲಿ ನಾಣ್ಯ ಬೀಳಬೇಕಿತ್ತು. ಮನೆಯ ಕನ್ಸೋಲ್‌ನಲ್ಲಿ ಚಿಕ್ಕ ಮೆಮೊರಿಯ ಆಟವನ್ನು ವಾರಗಟ್ಟಲೆ ಬಾಳಿಸಬೇಕಿತ್ತು. ಆ ಕಾರಣಗಳು ಹೋದ ಮೇಲೂ ಅವುಗಳಿಂದ ಹುಟ್ಟಿದ ಶಿಕ್ಷೆಯನ್ನೇ ಕಷ್ಟದ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ.

ಸೆಲೆಸ್ಟ್ ಆ ಶಿಕ್ಷೆಯನ್ನು ಪೂರ್ತಿ ತೆಗೆದು ಹಾಕಿ, ಉಳಿದ ಜಾಗದಲ್ಲಿ ಕೌಶಲದ ಬೇಡಿಕೆಯನ್ನು ಏರಿಸುತ್ತದೆ. ಮೊದಲಿಗೆ ಕಳಿಸುವ ಆಟದಲ್ಲಿ ಐವತ್ತು ಬಾರಿ ಸಾಯಿಸುವ ಕೋಣೆ ಇಟ್ಟರೆ ಆಡುವವರು ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋಗುತ್ತಾರೆ. ಇಲ್ಲಿ ಅಂಥ ಕೋಣೆಗಳು ಬೇಕಾದಷ್ಟಿವೆ. ಅಧ್ಯಾಯದ ಕೊನೆಗೆ ಎಷ್ಟು ಬಾರಿ ಸತ್ತಿರಿ ಎಂಬ ಸಂಖ್ಯೆ ತೋರಿಸುತ್ತದೆ. ಮೊದಮೊದಲೇ ಬರುವ ಒಂದು ಪೋಸ್ಟ್‌ಕಾರ್ಡ್ ಆ ಸಂಖ್ಯೆಗೆ ಹೆಮ್ಮೆಪಡಿ ಎಂದೇ ಹೇಳುತ್ತದೆ, ಸತ್ತಷ್ಟೂ ಕಲಿತಂತೆ ಎಂಬ ಅರ್ಥದಲ್ಲಿ.

ಕಂಟ್ರೋಲ್‌ಗಳ ಒಳಗೆ ಇನ್ನೊಂದು ಬಗೆಯ ಉದಾರತೆ ಅಡಗಿದೆ. ಆಟದ ವಿನ್ಯಾಸಕಿ ಮ್ಯಾಡಿ ಥಾರ್ಸನ್ ಅವರೇ ಇವನ್ನು ಬಿಡಿಸಿ ಬರೆದಿದ್ದಾರೆ, ಮ್ಯಾಡಲಿನ್‌ಳ ಚಲನೆಯ ಕೋಡ್ ಕೂಡ ಬಹಿರಂಗವಾಗಿದೆ. ಅಂಚು ದಾಟಿದ ಮೇಲೂ 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ತೋರಿಸುವ ಆಟದಲ್ಲಿ ಆರು ಫ್ರೇಮ್ ತನಕ, ಜಂಪ್ ಒತ್ತಿದರೆ ನೆಲದ ಮೇಲಿದ್ದಂತೆಯೇ ಹಾರುತ್ತಾಳೆ. ಓಟದ ವೇಗ ಸೆಕೆಂಡಿಗೆ 90 ಪಿಕ್ಸೆಲ್, ಹಾಗಾಗಿ ಅಂಚಿನಿಂದ ಸುಮಾರು 9 ಪಿಕ್ಸೆಲ್ ಆಚೆಗೂ ಹಾರಿಕೆ ಸಿಗುತ್ತದೆ. ಇಲ್ಲಿನ ಒಂದು ಇಟ್ಟಿಗೆಯೇ 8 ಪಿಕ್ಸೆಲ್. ನೆಲ ಮುಟ್ಟುವ ಮುಂಚೆ ಸ್ವಲ್ಪ ಬೇಗ ಜಂಪ್ ಒತ್ತಿದರೆ ಆಟ ಅದನ್ನು ನೆನಪಿಟ್ಟುಕೊಂಡು, ಕಾಲೂರಿದ ಫ್ರೇಮ್‌ನಲ್ಲೇ ಹಾರಿಸುತ್ತದೆ. ಹಾರುವಾಗ ತಲೆ ಚಾವಣಿಯ ಮೂಲೆಗೆ 4 ಪಿಕ್ಸೆಲ್‌ನಷ್ಟು ತಗುಲಿದರೆ ತಡೆಯದೆ ಪಕ್ಕಕ್ಕೆ ಸರಿಸಿ ಬಿಡುತ್ತದೆ. ಗೋಡೆಯಿಂದ ಒಂದೆರಡು ಪಿಕ್ಸೆಲ್ ದೂರವಿದ್ದರೂ ಗೋಡೆ ಜಂಪ್ ಆಗುತ್ತದೆ. ಹಾರಿಕೆಯ ತುದಿಯಲ್ಲಿ ಬಟನ್ ಹಿಡಿದೇ ಇದ್ದರೆ ಗುರುತ್ವ ಅರ್ಧಕ್ಕಿಳಿದು, ಎಲ್ಲಿ ಇಳಿಯಬೇಕೆಂದು ತಿದ್ದಿಕೊಳ್ಳಲು ಒಂದು ಕ್ಷಣ ಕೊಡುತ್ತದೆ. ಮುಳ್ಳುಗಳೂ ಅಷ್ಟೇ, ಅವುಗಳಿಂದ ದೂರ ಸರಿಯುತ್ತಿರುವಾಗ ತಗುಲಿದರೆ ಕೊಲ್ಲುವುದಿಲ್ಲ.

ಇದು ಮೋಸ, ಇದರಿಂದಲೇ ಆಟ ಸುಲಭ ಎನ್ನುವ ವಾದವಿದೆ. ಈ ರಿಯಾಯಿತಿಗಳನ್ನು ತೆಗೆದುಬಿಟ್ಟರೆ ಆಟ ಇನ್ನಷ್ಟು ಕಷ್ಟವಾಗುವುದು ನಿಜ, ಒಳ್ಳೆಯದಾಗುವುದಿಲ್ಲ. ಕೈಗೂ ಪರದೆಗೂ ನಡುವೆ ಯಾವಾಗಲೂ ಸ್ವಲ್ಪ ತಡ ಇದ್ದೇ ಇರುತ್ತದೆ. ಅಂಚಿನಲ್ಲಿ ಸರಿಯಾಗಿಯೇ ಒತ್ತಿದ್ದೇನೆ ಎಂದು ಆಡುವವನಿಗೆ ಖಚಿತವಿದ್ದಾಗ ಮ್ಯಾಡಲಿನ್ ಬಿದ್ದರೆ, ಆ ಸಾವಿನಿಂದ ಕಲಿಯಲು ಏನೂ ಇರುವುದಿಲ್ಲ. ಆರು ಫ್ರೇಮ್‌ನ ಸಲುಗೆ ಕೊಟ್ಟು ಈ ಅನುಮಾನವನ್ನು ತೆಗೆದಿದ್ದರಿಂದಲೇ ಉಳಿದ ಪ್ರತಿ ಸಾವನ್ನೂ ಆಡುವವರು ತಮ್ಮದೆಂದು ಒಪ್ಪಿಕೊಳ್ಳುತ್ತಾರೆ.

ಈ ಸಲುಗೆಯನ್ನು ನಿಮ್ಮ ಟಿವಿಯೇ ನುಂಗಬಹುದು ಎಂಬುದು ಕೊಳ್ಳುವವರು ತಿಳಿದಿರಬೇಕಾದ ಮಾತು. ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಚಿತ್ರವನ್ನು ತಿದ್ದಿ ತೀಡಿ ತೋರಿಸುವ ಮೋಡ್‌ನಲ್ಲಿ ಟಿವಿ 100 ಮಿಲಿಸೆಕೆಂಡ್ ತಡಮಾಡಿದರೆ ಆರು ಫ್ರೇಮ್‌ಗಳೂ ಹೋದವು. ಟಿವಿಯಲ್ಲಿ ಈ ತಡ ತಗ್ಗಿಸುವ ಗೇಮ್ ಮೋಡ್ ಹಾಕದೆ ಈ ಆಟವನ್ನು ಅಳೆಯಬೇಡಿ. ಕಂಟ್ರೋಲರ್‌ನಲ್ಲಿ ಆಡುವುದಾದರೆ ಅನಲಾಗ್ ಸ್ಟಿಕ್‌ಗಿಂತ ದಿಕ್ಕಿನ ಬಟನ್‌ಗಳ ಡಿ-ಪ್ಯಾಡ್ ವಾಸಿ. ಮೂಲೆ ದಿಕ್ಕಿನ ಡ್ಯಾಶ್‌ಗೆ ಸ್ಟಿಕ್ ಸ್ವಲ್ಪ ಜಾರಿದರೂ ನೇರ ಮೇಲಕ್ಕೋ ಅಡ್ಡಕ್ಕೋ ಹೋಗಿ ಮುಳ್ಳಿಗೆ ಬೀಳುತ್ತೀರಿ. ಕೀಬೋರ್ಡ್‌ನಲ್ಲಿ ಬಾಣದ ಕೀಗಳ ಜೊತೆಗೆ ಸಿ ಜಂಪ್, ಎಕ್ಸ್ ಡ್ಯಾಶ್, ಝಡ್ ಹಿಡಿತ. ಕೆಲವು ಕೀಬೋರ್ಡ್‌ಗಳು ನಾಲ್ಕು ಕೀ ಒಟ್ಟಿಗೆ ಒತ್ತಿದಾಗ ಒಂದನ್ನು ಬಿಟ್ಟುಬಿಡುತ್ತವೆ. ಮೇಲೆ, ಎಡ, ಹಿಡಿತ, ಡ್ಯಾಶ್ ನಾಲ್ಕನ್ನೂ ಒತ್ತಿ ಪರೀಕ್ಷಿಸಿ, ಡ್ಯಾಶ್ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬೇರೆ ಕೀಗೆ ಬದಲಿಸಿ. ಗಂಟೆಗಟ್ಟಲೆ ಹಿಡಿತದ ಬಟನ್ ಒತ್ತಿಕೊಂಡಿದ್ದರೆ ತೋರುಬೆರಳು ನೋಯುತ್ತದೆ. ನಂತರದ ಅಪ್‌ಡೇಟ್‌ನಲ್ಲಿ ಅದಕ್ಕೂ ಮದ್ದು ಬಂದಿದೆ: ಒಮ್ಮೆ ಒತ್ತಿದರೆ ಹಿಡಿ, ಮತ್ತೆ ಒತ್ತಿದರೆ ಬಿಡು ಎಂಬ ಆಯ್ಕೆ.

ಕಲಿಸುವ ರೀತಿಗೆ ಮೊದಲ ಅಧ್ಯಾಯದ ಚಲಿಸುವ ಕಟ್ಟೆಗಳನ್ನೇ ನೋಡಿ. ಮೇಲೆ ನಿಂತ ಕೂಡಲೇ ಕಟ್ಟೆ ಒಂದು ಹಳಿಯ ಮೇಲೆ ರಭಸದಿಂದ ಓಡಿ, ತುದಿಗೆ ಬಡಿದು ನಿಂತು, ನಿಧಾನಕ್ಕೆ ಹಿಂದಿರುಗುತ್ತದೆ. ಬರೀ ಸವಾರಿ ಮಾಡಿದರೆ ಆಚೆ ದಡ ಎಟುಕುವುದಿಲ್ಲ. ಕಟ್ಟೆಯ ವೇಗ ಏರಿರುವಾಗ ಹಾರಿದರೆ ಆ ವೇಗ ಮ್ಯಾಡಲಿನ್‌ಗೂ ಸೇರಿ ದೂರ ಹೋಗುತ್ತಾಳೆ. ಕಟ್ಟೆ ನಿಂತ ಮೇಲೆ ಹಾರುವುದು ಹೊಸಬರ ಸಾಮಾನ್ಯ ತಪ್ಪು. ನಿಂತ ನಂತರವೂ ಕೆಲವು ಫ್ರೇಮ್ ಆ ವೇಗವನ್ನು ಆಟ ಕಾಪಾಡಿಕೊಂಡಿರುತ್ತದೆ, ಅದೂ ದಾಟಿದರೆ ಸಾಮಾನ್ಯ ಜಂಪ್ ಮಾತ್ರ. ಕಟ್ಟೆ ತುದಿಗೆ ಬಡಿಯುವ ಸದ್ದು ಕೇಳುವ ಮುಂಚೆಯೇ ಬೆರಳು ಹೊರಡಬೇಕು. ಇದನ್ನೆಲ್ಲ ಆಟ ಒಂದು ಸಾಲಿನಲ್ಲೂ ಹೇಳುವುದಿಲ್ಲ. ಕೋಣೆಯನ್ನೇ ಹಾಗೆ ಕಟ್ಟಿದೆ. ಮೊದಲ ಕಟ್ಟೆಯಲ್ಲಿ ಆಕಸ್ಮಿಕವಾಗಿ ದೂರ ಹಾರುತ್ತೀರಿ, ಮುಂದಿನದರಲ್ಲಿ ಬೇಕೆಂದೇ ಹಾರುತ್ತೀರಿ.

ಎರಡನೇ ಅಧ್ಯಾಯದಲ್ಲಿ ಮ್ಯಾಡಲಿನ್‌ಳದೇ ನೆರಳು ಬೆನ್ನು ಹತ್ತುತ್ತದೆ. ನೀವು ಕ್ಷಣದ ಹಿಂದೆ ಮಾಡಿದ್ದನ್ನೇ ಅದು ಮಾಡುತ್ತದೆ. ಹಾಗಾಗಿ ನಿಲ್ಲುವಂತಿಲ್ಲ, ಬಂದ ದಾರಿಯಲ್ಲೇ ಹಿಂದಿರುಗುವುದಿದ್ದರೆ ಬೇರೆ ಎತ್ತರದಲ್ಲಿ ಹಿಂದಿರುಗಬೇಕು. ನಾಲ್ಕರಲ್ಲಿ ಗಾಳಿ. ಐದು ತುಸು ಎಳೆದಂತಿದೆ, ಕತ್ತಲ ಓಣಿಗಳಲ್ಲಿ ದಾರಿ ಹುಡುಕುವುದು ಈ ಆಟದ ಬಲ ಅಲ್ಲ. ಏಳನೆಯದು ಹಿಂದೆ ಕಲಿಸಿದ್ದನ್ನೆಲ್ಲ ಒಂದರ ಹಿಂದೊಂದು ಕೇಳುತ್ತಾ 3000 ಮೀಟರ್ ಎತ್ತರದ ಶಿಖರ ತಲುಪಿಸುತ್ತದೆ. ಇಲ್ಲಿಗೆ ಕಥೆ ಮುಗಿಯುತ್ತದೆ. ಸಾಮಾನ್ಯ ಆಟಗಾರರಿಗೆ ಇಷ್ಟು ಸಾಕು, ಇಷ್ಟರಲ್ಲೇ ಕೆಲವು ಸಾವಿರ ಸಾವು ಆಗಿದ್ದರೂ ಅಸಹಜವಲ್ಲ.

ಇನ್ನೂ ಬೇಕು ಎನ್ನುವವರಿಗೆ ಆಟ ಬೇಡಿಕೆಯನ್ನು ಹಂತಹಂತವಾಗಿ ಜೋಡಿಸಿಟ್ಟಿದೆ. ದಾರಿಯ ಪಕ್ಕದಲ್ಲಿ 175 ಸ್ಟ್ರಾಬೆರಿಗಳಿವೆ. ಮುಟ್ಟಿದರಷ್ಟೇ ಸಾಲದು, ಹಿಡಿದುಕೊಂಡು ಸುರಕ್ಷಿತ ನೆಲಕ್ಕೆ ಕಾಲೂರಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೋಗುವುದು ಅರ್ಧ ಕೆಲಸ, ಹಿಂದಿರುಗುವುದು ಇನ್ನರ್ಧ. ಇವುಗಳಿಂದ ಶಕ್ತಿ ಹೆಚ್ಚುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಬಿಟ್ಟು ಹೋದವರಿಗೆ ಕಥೆಯಲ್ಲಿ ನಷ್ಟವೂ ಇಲ್ಲ. ಬಚ್ಚಿಟ್ಟ ಕ್ಯಾಸೆಟ್ ಸಿಕ್ಕರೆ ಅದೇ ಅಧ್ಯಾಯದ ಬಿ-ಸೈಡ್, ಅಂದರೆ ಇನ್ನೂ ಕಷ್ಟದ ರೂಪ, ಅದಕ್ಕೂ ಮೇಲೆ ಸಿ-ಸೈಡ್. 2019ರ ಸೆಪ್ಟೆಂಬರ್‌ನಲ್ಲಿ ಉಚಿತವಾಗಿ ಬಂದ ಫೇರ್‌ವೆಲ್ ಅಧ್ಯಾಯದಲ್ಲಿ ನೂರಕ್ಕೂ ಹೆಚ್ಚು ಕೋಣೆಗಳಿವೆ. ಕೆಳಮೂಲೆಗೆ ಡ್ಯಾಶ್ ಮಾಡಿ, ನೆಲ ತಾಗುತ್ತಿದ್ದಂತೆ ಜಂಪ್ ಒತ್ತಿ ದೂರ ಜಿಗಿಯುವ ವೇವ್‌ಡ್ಯಾಶ್ ಅಲ್ಲಿ ಕಡ್ಡಾಯ. ವಿಶೇಷವೆಂದರೆ ಆ ಚಲನೆ ಮ್ಯಾಡಲಿನ್‌ಗೆ ಮೊದಲ ಅಧ್ಯಾಯದಿಂದಲೇ ಬರುತ್ತದೆ, ಆಟ ಅದನ್ನು ಕೇಳುವುದು ಮಾತ್ರ ಆಮೇಲೆ. ಜಂಪ್ ಬೇಗ ಒತ್ತಿದರೆ ಡ್ಯಾಶ್ ತುಂಬುವುದಿಲ್ಲ, ತಡವಾದರೆ ವೇಗ ಉಳಿಯುವುದಿಲ್ಲ. ಇದನ್ನು ದಾಟಿದವರ ಎದುರು ಈಗಿನ ಆಟಗಳು ಸುಲಭ ಎಂಬ ಮಾತು ನಿಲ್ಲುವುದಿಲ್ಲ.

ಅಸಿಸ್ಟ್ ಮೋಡ್ ವಿಷಯಕ್ಕೆ ಬರೋಣ, ಜಗಳ ಜೋರಾಗುವುದು ಇಲ್ಲೇ. ಸೇವ್ ಫೈಲ್‌ನಲ್ಲಿ ಆನ್ ಮಾಡಿದರೆ ಪಾಸ್ ಮೆನುವಿನಲ್ಲಿ ಆಯ್ಕೆಗಳು ಕಾಣಿಸುತ್ತವೆ. ಒಂದೊಂದೂ ಬೇರೆ ಬೇರೆ ಕಷ್ಟವನ್ನು ತೆಗೆಯುತ್ತದೆ, ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡು ಆಟ ಸಪ್ಪೆ ಎಂದರೆ ತಪ್ಪು ಆಟದ್ದಲ್ಲ. ಮೊದಲು ಮುಟ್ಟಬೇಕಾದದ್ದು ವೇಗ. 100ರಿಂದ 50 ಪ್ರತಿಶತದ ತನಕ ಹತ್ತರ ಮೆಟ್ಟಿಲುಗಳಲ್ಲಿ ಇಳಿಸಬಹುದು. 80ಕ್ಕೆ ಇಳಿಸಿದರೆ ಕೋಣೆಯ ಒಗಟು ಹಾಗೇ ಉಳಿದು, ಬೆರಳಿಗೆ ಕಾಲುಭಾಗ ಹೆಚ್ಚು ಸಮಯ ಸಿಗುತ್ತದೆ. ಕೋಣೆ ದಾಟಿದ ಮೇಲೆ 90, ಆಮೇಲೆ 100ಕ್ಕೆ ಏರಿಸಿ ಅದೇ ಕೋಣೆಯನ್ನು ಮತ್ತೆ ಆಡಿದರೆ ಇದು ಒಳ್ಳೆಯ ಅಭ್ಯಾಸದ ಸಾಧನ. ಡ್ಯಾಶ್ ಅಸಿಸ್ಟ್ ಹಾಕಿದರೆ ಡ್ಯಾಶ್ ಒತ್ತಿದಾಗ ಆಟ ನಿಂತು ದಿಕ್ಕಿನ ಬಾಣ ತೋರಿಸುತ್ತದೆ. ಮೂಲೆ ದಿಕ್ಕು ತಪ್ಪುವವರಿಗೆ, ಕೈಬೆರಳಿನ ತೊಂದರೆ ಇರುವವರಿಗೆ ಇದೇ ಸರಿಯಾದ ಆಯ್ಕೆ. ಮುಗಿಯದ ಶಕ್ತಿ ಹಾಕಿದರೂ ಹೆಚ್ಚಿನ ಕೋಣೆಗಳು ಕೆಡುವುದಿಲ್ಲ, ಅವು ನಿಂತಿರುವುದು ಡ್ಯಾಶ್ ಲೆಕ್ಕದ ಮೇಲೆ.

ಗಾಳಿಯಲ್ಲಿ ಎರಡು ಡ್ಯಾಶ್ ಅಥವಾ ಎಣಿಕೆಯಿಲ್ಲದ ಡ್ಯಾಶ್ ಹಾಗಲ್ಲ. ಒಂದು ಡ್ಯಾಶ್‌ಗೆಂದೇ ಅಳೆದು ಕಟ್ಟಿದ ಕೋಣೆಯಲ್ಲಿ ಎರಡು ಸಿಕ್ಕರೆ ಹರಳುಗಳು, ಕಟ್ಟೆಗಳು ಎಲ್ಲ ಅಲಂಕಾರಕ್ಕಿಟ್ಟಂತೆ ಆಗುತ್ತವೆ. ಸಾವಿಲ್ಲದ ಆಯ್ಕೆಯಲ್ಲಿ ಮುಳ್ಳು ತಾಗಿದರೆ ಏನೂ ಆಗದು, ಕೆಳಗೆ ಬಿದ್ದರೆ ಪುಟಿದು ಮೇಲೆ ಬರುತ್ತೀರಿ. ಕಥೆ ಮಾತ್ರ ಬೇಕಾದವರಿಗೆ ಇದು ಸರಿಯಾದ ದಾರಿ, ಆತಂಕ ಮತ್ತು ಖಿನ್ನತೆಯ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಕಥೆಯನ್ನು ಅವರಿಂದ ಕಿತ್ತುಕೊಳ್ಳಲು ಕಾರಣವೇ ಇಲ್ಲ. ಆಡಲು ಬಂದವರು ಮಾತ್ರ ಇದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಲಿ. ಅಸಿಸ್ಟ್ ಬಳಸಿದ್ದಕ್ಕೆ ಅಚೀವ್‌ಮೆಂಟ್ (ಸಾಧನೆಯ ಪದಕ) ತಡೆಹಿಡಿಯುವ ದಂಡ ಇಲ್ಲ. ಶುರುವಿನಲ್ಲಿ ಈ ಮೋಡ್‌ನ ಪರಿಚಯದ ಮಾತಿನಲ್ಲಿ, ಮೊದಲ ಬಾರಿ ಇದಿಲ್ಲದೆ ಆಡಿ ಎಂಬ ಸಲಹೆಯಿತ್ತು. ಅಂಗವೈಕಲ್ಯವಿರುವ ಆಟಗಾರರಿಗೆ ಅದು ಚುಚ್ಚುವಂತಿತ್ತು, ತಂಡ ಆಮೇಲೆ ಅದನ್ನು ತಿದ್ದಿ ಬರೆಯಿತು. ಮಾಡಬೇಕಾದದ್ದೇ ಮಾಡಿದರು.

ಕೊರತೆ ಇಲ್ಲವೆಂದಲ್ಲ. ಎಲ್ಲಿ ಎಡವುತ್ತಿದ್ದೀರಿ ಎಂದು ನೋಡಿ ಯಾವ ಆಯ್ಕೆ ಹಾಕಬೇಕೆಂದು ಆಟ ಸೂಚಿಸುವುದಿಲ್ಲ, ಎಲ್ಲ ಆಡುವವರೇ ಊಹಿಸಬೇಕು. 2020ರ ಹೇಡಿಸ್ ಆಟದ ಗಾಡ್ ಮೋಡ್ ಈ ವಿಷಯದಲ್ಲಿ ಮೇಲು. ಆನ್ ಮಾಡಿದಾಗ ಏಟಿನ ಪೆಟ್ಟು 20 ಪ್ರತಿಶತ ಕಡಿಮೆ, ಪ್ರತಿ ಸಾವಿಗೆ ಇನ್ನೂ 2 ಸೇರುತ್ತಾ 80ಕ್ಕೆ ನಿಲ್ಲುತ್ತದೆ. ಆಡುವವರಿಗೆ ಬೇಕಾದಷ್ಟೇ ನೆರವು ತಾನಾಗಿ ಬಂದು ನಿಲ್ಲುವ ವ್ಯವಸ್ಥೆ ಅದು. ಇದಕ್ಕೆ ಪೂರ್ತಿ ವಿರುದ್ಧ 2017ರ ಕಪ್‌ಹೆಡ್: ಸುಲಭದ ಸಿಂಪಲ್ ಮೋಡ್‌ನಲ್ಲಿ ಬಾಸ್‌ಗಳನ್ನು (ದೊಡ್ಡ ಶತ್ರುಗಳನ್ನು) ಸೋಲಿಸಿದರೆ ಕರಾರುಪತ್ರ ಸಿಗುವುದಿಲ್ಲ, ಪತ್ರಗಳಿಲ್ಲದೆ ಕೊನೆಯ ಬಾಸ್ ತನಕ ಹೋಗುವಂತಿಲ್ಲ. ನೆರವು ಕೊಟ್ಟ ಹಾಗೂ ಇರಬೇಕು, ಕೊಡದ ಹಾಗೂ ಇರಬೇಕು ಎಂದರೆ ಹೀಗಾಗುತ್ತದೆ. 2022ರ ಎಲ್ಡನ್ ರಿಂಗ್ ಕಷ್ಟದ ಮೆನುವೇ ಇಡದೆ, ಜೊತೆಗೆ ಕಾದಾಡುವ ಆತ್ಮಗಳನ್ನೂ ಬೇರೆ ಆಟಗಾರರನ್ನೂ ಕರೆಸಿಕೊಳ್ಳುವ ಅವಕಾಶವನ್ನು ಆಟದೊಳಗೇ ಇಟ್ಟಿತು. ಅದೂ ಅಸಿಸ್ಟೇ, ಹೆಸರು ಬೇರೆ.

ಹಾಗಾದರೆ ಸುಲಭವಾಯಿತು ಎಂಬ ದೂರು ಪೂರ್ತಿ ಸುಳ್ಳೇ? ಇಲ್ಲ. ದೊಡ್ಡ ಬಜೆಟ್‌ನ ಹಲವು ಸಾಹಸದ ಆಟಗಳಲ್ಲಿ ಒಗಟಿನ ಎದುರು ನಿಂತು ಸುತ್ತ ನೋಡುವಷ್ಟರಲ್ಲಿ ಜೊತೆಗಿರುವ ಪಾತ್ರ ಉತ್ತರ ಹೇಳಿಬಿಡುತ್ತದೆ. 2022ರ ಗಾಡ್ ಆಫ್ ವಾರ್ ರಾಗ್ನರಾಕ್ ಬಗ್ಗೆ ಈ ತಕರಾರು ಬಹಳ ಕೇಳಿಬಂತು. ಹತ್ತಬಹುದಾದ ಕಟ್ಟೆಗೆಲ್ಲ ಹಳದಿ ಬಣ್ಣ ಬಳಿಯುವುದೂ ಇದೇ ಜಾತಿ. ಅಲ್ಲಿ ಕಿತ್ತುಕೊಂಡಿದ್ದು ಆಡುವವರ ಯೋಚನೆಯನ್ನು, ಅದಕ್ಕೆ ಬದಲಾಗಿ ಏನೂ ಕೊಡಲಿಲ್ಲ. ಆಫ್ ಮಾಡುವ ಗುಂಡಿಯನ್ನಾದರೂ ಕೊಡಬೇಕಿತ್ತು. ಸೆಲೆಸ್ಟ್‌ನಲ್ಲಿ ಯಾರೂ ದಾರಿ ಹೇಳುವುದಿಲ್ಲ. ಕೆಲವೆಡೆ ದುರ್ಬೀನು ಇಟ್ಟಿದ್ದಾರೆ, ಅಲ್ಲಿ ನಿಂತು ಮುಂದಿನ ದಾರಿಯನ್ನು ನೋಡಿಕೊಂಡು ಲೆಕ್ಕ ನೀವೇ ಹಾಕಬೇಕು.

ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೂ ಭಾರವಲ್ಲ. ಪರದೆ ಅಲುಗಾಟ, ಮಿನುಗು ಬೆಳಕು ಆಗದವರು ಆಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಶೇಕ್ ಆಫ್ ಮಾಡಿ, ಫೋಟೋಸೆನ್ಸಿಟಿವ್ ಮೋಡ್ ಆನ್ ಮಾಡಿಕೊಳ್ಳಿ. ಹಳೆಯ ಪ್ಲಾಟ್‌ಫಾರ್ಮರ್‌ಗಳನ್ನು ಆಡಿ ಬೆಳೆದವರು ಅಸಿಸ್ಟ್ ಮುಟ್ಟದೆ ಶುರುಮಾಡಿ, ಸ್ಟ್ರಾಬೆರಿಗಳ ಹಿಂದೆ ಬೀಳದೆ ಶಿಖರ ತಲುಪಿ, ಆಮೇಲೆ ಮೊದಲ ಅಧ್ಯಾಯದ ಬಿ-ಸೈಡ್ ತೆರೆಯಿರಿ. ಕಂಟ್ರೋಲರ್ ಹೊಸದಾಗಿ ಹಿಡಿದವರಿಗೆ ವೇಗ 80, ಡ್ಯಾಶ್ ಅಸಿಸ್ಟ್ ಆನ್, ಉಳಿದದ್ದು ಆಫ್. ಮೂರನೇ ಅಧ್ಯಾಯ ಮುಗಿಯುವ ಹೊತ್ತಿಗೆ ಡ್ಯಾಶ್ ಅಸಿಸ್ಟ್ ತೆಗೆದು ನೋಡಿ. ನಾಲ್ಕರ ಗಾಳಿಯಲ್ಲಿ ಆಟ ಪದೇಪದೇ ನಿಂತು ಶುರುವಾಗುವುದಕ್ಕಿಂತ ವೇಗವನ್ನೇ 70ಕ್ಕೆ ಇಳಿಸಿಕೊಳ್ಳುವುದು ಹೆಚ್ಚು ಉಪಯೋಗ.